20–40 ಲೀಟರ್‌ನ ಗಿಡದ ಅಕ್ವೇರಿಯಂಗೆ ಸಿಲಿಂಡರ್ ಇಲ್ಲದೆ ಕಾರ್ಬನ್ ಡೈಆಕ್ಸೈಡ್ ಕೊಡುವುದು ಹೇಗೆ?

ಇಷ್ಟು ಚಿಕ್ಕ ತೊಟ್ಟಿಗೆ ಸಕ್ಕರೆ-ಯೀಸ್ಟ್ ಬಾಟಲಿ ಸಾಕು. ಒಂದೂವರೆ ಲೀಟರಿನ ಸೋಡಾ ಬಾಟಲಿಗೆ 150 ಗ್ರಾಂ ಸಕ್ಕರೆ, ಒಂದು ಲೀಟರ್ ಉಗುರುಬೆಚ್ಚಗಿನ ನೀರು, ಕಾಲು ಟೀ ಚಮಚ ಒಣ ಯೀಸ್ಟ್ ಹಾಕಿ. ಯೀಸ್ಟ್ ಹೆಚ್ಚಿಸಿದರೆ ಅನಿಲ ಒಮ್ಮೆಲೇ ನುಗ್ಗಿ ಬೇಗ ಮುಗಿಯುತ್ತದೆ. ಸಾಮಾನ್ಯವಾಗಿ ಎರಡು ವಾರ ಬರುತ್ತದೆ; ಆಮೇಲೆ ಆಲ್ಕೋಹಾಲ್ ಏರಿ ಯೀಸ್ಟ್ ನಿಂತುಹೋಗುತ್ತದೆ.

ಮುಚ್ಚಳದ ತೂತು ಕೊಳವೆಗಿಂತ ತುಸು ಕಿರಿದಿರಲಿ, ಕೊಳವೆಯನ್ನು ಎಳೆದು ಬಿಗಿಯಾಗಿ ಕೂರಿಸಿ. ಸೋರಿಕೆ ಹೆಚ್ಚಾಗಿ ಇಲ್ಲೇ. ನಡುವೆ ಅರ್ಧ ನೀರಿರುವ ಇನ್ನೊಂದು ಚಿಕ್ಕ ಬಾಟಲಿ ಇಟ್ಟರೆ ಯೀಸ್ಟ್ ನೊರೆ ತೊಟ್ಟಿಗೆ ಹೋಗುವುದಿಲ್ಲ. ಅದರ ನಂತರ ಚೆಕ್ ವಾಲ್ವ್ (ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ), ಕೊನೆಗೆ ತೊಟ್ಟಿಯೊಳಗೆ ಡಿಫ್ಯೂಸರ್ (ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಸಾಧನ). ಗಾಜಿನ ಬಾಟಲಿ ಬೇಡವೇ ಬೇಡ. ಕೊಳವೆಯನ್ನು ಎಂದೂ ಮುಚ್ಚಬೇಡಿ, ಒತ್ತಡಕ್ಕೆ ಬಾಟಲಿ ಸಿಡಿಯಬಹುದು.

ನಿಜವಾದ ಅಪಾಯ ರಾತ್ರಿಯದು. ದೀಪ ಆರಿದ ಮೇಲೆ ಗಿಡಗಳು ಈ ಅನಿಲವನ್ನು ಬಳಸುವುದಿಲ್ಲ, ಬದಲಿಗೆ ಆಮ್ಲಜನಕ ಎಳೆದುಕೊಳ್ಳುತ್ತವೆ, ಬಾಟಲಿಯಂತೂ ನಿಲ್ಲದು. ಆದ್ದರಿಂದ ರಾತ್ರಿ ಏರ್ ಪಂಪ್ ಓಡಿಸಿ, ಹಗಲು ನಿಲ್ಲಿಸಿ. ಪ್ರಮಾಣ ತಿಳಿಯಲು 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣದ ಡ್ರಾಪ್ ಚೆಕರ್ (ಬಣ್ಣ ಬದಲಿಸಿ ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ತೋರಿಸುವ ಚಿಕ್ಕ ಸಾಧನ) ತೊಟ್ಟಿಯೊಳಗೆ ಇಡಿ: ನೀಲಿಯಾದರೆ ಕಡಿಮೆ, ಹಸಿರಾದರೆ ಲೀಟರಿಗೆ ಸುಮಾರು 30 ಮಿ.ಗ್ರಾಂ, ಹಳದಿಯಾದರೆ ಅತಿ. ಬಣ್ಣ ಒಂದೆರಡು ಗಂಟೆ ತಡವಾಗಿ ಬದಲಾಗುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಬಣ್ಣಕ್ಕೆ ಕಾಯದೆ ಕೊಳವೆಯನ್ನು ನೀರಿನಿಂದ ತೆಗೆದು ಪಂಪ್ ಹಾಕಿ.