ಮೇಷ್ಟ್ರೇ, ಬೆಲ್ಲದ ಅಚ್ಚು ಒಳಗಿಡಿ

ಚಳ್ಳಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಊರಿನ ಮಡಿವಾಳರ ಮನೆಯವರು ಕಸುಬು ಬಿಟ್ಟಾಗ ಅವರ ಎರಡು ಹೆಣ್ಣುಕತ್ತೆಗಳನ್ನು ಇವರು ತಮ್ಮ ತೋಟಕ್ಕೆ ತಂದುಕೊಂಡರು. ಅಂದಿನಿಂದ ಅವಕ್ಕೆ ದಿನಕ್ಕೆ ಎರಡು ಹೊತ್ತು ಗೋಧಿ ಬೂಸಾ, ನೆನೆಸಿದ ಹುರುಳಿ, ಶೇಂಗಾ ಹಿಂಡಿ, ಸಂಜೆಗೊಂದು ಅಚ್ಚು ಬೆಲ್ಲ. ಈಗ ಎರಡೂ ‘ಮೈಕೈ ತುಂಬಿಕೊಂಡು ಲಕ್ಷಣವಾಗಿವೆ’. ಆದರೆ ಪಶುವೈದ್ಯರು ಬಂದು ನೋಡಿ, ಇದನ್ನೆಲ್ಲ ಕಡಿಮೆ ಮಾಡುತ್ತ ಬಂದು ಒಣಹುಲ್ಲಿಗೆ ಇಳಿಸಿ ಎಂದಿದ್ದಾರೆ. ‘ಜೀವಮಾನವೆಲ್ಲ ಹೊರೆ ಹೊತ್ತ ಮೂಕಪ್ರಾಣಿಗೆ ಕೊನೆಗಾಲದಲ್ಲಿ ಒಣಹುಲ್ಲೇ ಗತಿಯೇ?’ ಎಂಬುದು ಮೇಷ್ಟ್ರ ಪ್ರಶ್ನೆ.

ಮೇಷ್ಟ್ರೇ, ನಿಮ್ಮ ಮನಸ್ಸು ದೊಡ್ಡದು. ಕೈ ಅದಕ್ಕಿಂತ ದೊಡ್ಡದು. ತೊಂದರೆ ಇರುವುದು ಅಲ್ಲೇ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಕತ್ತೆಗೆ, ಮರಿಗೆ ಹಾಲೂಡಿಸುವ ಕತ್ತೆಗೆ ಬರೀ ಹುಲ್ಲು ಸಾಲದು. ಆದರೆ ನಿಮ್ಮವು ಈಗ ನಿಮ್ಮ ಹಾಗೆಯೇ ಪಿಂಚಣಿದಾರರು. ಹೊರೆ ಇಳಿದ ಮೇಲೂ ಹೊರೆಯ ದಿನದ ಊಟ ಬಡಿಸಿದರೆ ಅದು ಹೋಗುವುದೆಲ್ಲಿಗೆ?

ಒಣಹುಲ್ಲು ಕತ್ತೆಗೆ ಶಿಕ್ಷೆಯಲ್ಲ, ತವರಿನ ಊಟ. ಇದರ ಪೂರ್ವಜರು ಈಶಾನ್ಯ ಆಫ್ರಿಕಾದ ಬರಡು ನೆಲದ ಕಾಡುಕತ್ತೆಗಳು. ಕುರುಚಲು ಗಿಡ, ನಾರುಹುಲ್ಲು ಮೇಯುತ್ತ ಮೈಲಿಗಟ್ಟಲೆ ನಡೆಯಬೇಕಾಗಿದ್ದ ಜೀವವದು. ಕಾಳಜಿಯಿಂದ ಯಾರೂ ಬಟ್ಟಲು ಹಿಡಿದು ಬಾರದ ನಾಡಿನಲ್ಲಿ ಅದರ ಹೊಟ್ಟೆ ರೂಪುಗೊಂಡಿತು. ಹಾಗಾಗಿ ಕುದುರೆಗೆ ಸಾಲದ ಮೇವಿನಿಂದಲೂ ಅದು ಕಸುವು ಹೀರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಎಲಿಜಬೆತ್ ಸ್ವೆಂಡ್‌ಸೆನ್ ಎಂಬಾಕೆ 1969ರಲ್ಲಿ ಆರಂಭಿಸಿದ ‘ಡಾಂಕಿ ಸ್ಯಾಂಕ್ಚುರಿ’ ಕತ್ತೆಗಳ ಆರೈಕೆಗೆಂದೇ ಇರುವ ಸಂಸ್ಥೆ. ಅದು ಮುಖ್ಯ ಆಹಾರವೆಂದು ಹೇಳುವುದು ಬಾರ್ಲಿಯ ಒಣಹುಲ್ಲನ್ನು. ದಿನಕ್ಕೆ ಬೇಕಾಗುವ ಒಣಮೇವು ಮೈತೂಕದ ಶೇ 1.3ರಿಂದ 1.8ರಷ್ಟು. ನಿಮ್ಮ ಕತ್ತೆ 120 ಕಿಲೋ ತೂಗುವುದಾದರೆ ಒಂದೂವರೆಯಿಂದ ಎರಡು ಕಿಲೋ ಚಿಲ್ಲರೆ, ಅಷ್ಟೇ. ಬೂಷ್ಟು ಹಿಡಿಯದ ರಾಗಿ ಹುಲ್ಲು ನಿಮ್ಮ ಸೀಮೆಯಲ್ಲಿ ಸಿಗದ ವಸ್ತುವೇ?

ಕಣ್ಣಿಗೆ ‘ಲಕ್ಷಣ’ವಾಗಿ ಕಾಣುವುದನ್ನು ಕೈಯಿಂದ ಮುಟ್ಟಿ ನೋಡಿ. ಪಕ್ಕೆಯ ಮೇಲೆ ಅಂಗೈಯನ್ನು ಮೆಲ್ಲಗೆ ಒತ್ತಿದರೆ ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು. ಬೆನ್ನಿನ ನಡುವೆ ಮಳೆನೀರು ನಿಲ್ಲುವಂಥ ತೋಡು ಬಿದ್ದಿದೆಯೇ? ಅದು ಎರಡೂ ಬದಿಗೆ ಕೊಬ್ಬು ಏರಿದ ಗುರುತು. ಕುತ್ತಿಗೆಯ ಮೇಲಂಚು ಗಟ್ಟಿಯಾಗಿ ಒಂದು ಪಕ್ಕಕ್ಕೆ ವಾಲಿದ್ದರೆ, ಮುಂದೆ ಮೈ ಇಳಿದರೂ ಆ ಗಂಟು ಕರಗುವುದು ಕಷ್ಟ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಹಾಜರಿ ಪುಸ್ತಕ ಬರೆದ ಕೈಗೆ ಅದೇನು ಭಾರವಲ್ಲ. ಬೆಲ್ಲ, ಕಾಳುಗಳ ಅತಿಯಿಂದ ಗೊರಸಿನೊಳಗೆ ಉರಿಯೂತವೇಳುತ್ತದೆ. ಆಗ ಕತ್ತೆ ಹೆಜ್ಜೆ ಇಡಲೂ ಹಿಂಜರಿಯುತ್ತದೆ.

ಆದರೆ ದಯವಿಟ್ಟು, ಈ ಉತ್ತರ ಓದಿದ ಸಂಜೆಯೇ ಉಪವಾಸ ಕೆಡವಬೇಡಿ! ಕೊಬ್ಬಿದ ಕತ್ತೆ ಥಟ್ಟನೆ ಮೇವು ಬಿಟ್ಟರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿಯುತ್ತದೆ. ಪಿತ್ತಜನಕಾಂಗ, ಮೂತ್ರಪಿಂಡ ಸೋಲುತ್ತವೆ. ಹೆಣ್ಣುಕತ್ತೆಗಳಿಗೆ ಈ ಅಪಾಯ ಹೆಚ್ಚು, ನಿಮ್ಮವು ಎರಡೂ ಹೆಣ್ಣು. ಬೂಸಾ, ಹಿಂಡಿಗಳನ್ನು ವಾರಗಟ್ಟಲೆ ಹಿಡಿದು ಸ್ವಲ್ಪಸ್ವಲ್ಪವಾಗಿ ಇಳಿಸಿ. ಒಂದಕ್ಕೆ ಮೇವು ಬೇರೆ ಹಾಕಬೇಕಾದರೂ ಜೋಡಿಯನ್ನು ಕಣ್ಮರೆ ಮಾಡಬೇಡಿ. ಸಂಗಾತಿ ಕಾಣದ ಕೊರಗಿಗೇ ಕತ್ತೆ ಊಟ ಬಿಡುತ್ತದೆ. ಇನ್ನೊಂದು: ಅದು ನೋವು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಹುಲ್ಲಿನ ಮುಂದೆ ನಿಂತು ಬಾಯಾಡಿಸುತ್ತಿದ್ದರೂ ಏನೂ ನುಂಗದಿರಬಹುದು. ತಲೆಯಾಡುವುದನ್ನು ನೋಡಬೇಡಿ, ಹುಲ್ಲು ಎಷ್ಟು ಉಳಿದಿದೆ ನೋಡಿ. ಹಲ್ಲು ಸವೆದಿದ್ದರೆ ಮಾತ್ರ ಲೆಕ್ಕ ಬೇರೆ. ಬಾಯಿ ತೆರೆಸಿ ನೋಡಲು ಅದೇ ವೈದ್ಯರನ್ನು ಕರೆಸಿ, ಈ ಸಲ ಮುನಿಸಿಕೊಳ್ಳದೆ.

ಮುನಿಸು ಎಂದದ್ದಕ್ಕೆ ಕಾರಣವಿದೆ. ನಮ್ಮ ಕಚೇರಿಗೆ ಬರುತ್ತಿದ್ದ ಹಿರಿಯ ಪಶುವೈದ್ಯರೊಬ್ಬರ ಅನುಭವವೂ ಇದೇ: ಬಡಕಲು ದನದ ಯಜಮಾನ ತಲೆ ತಗ್ಗಿಸಿ ಕೇಳುತ್ತಾನೆ, ಕೊಬ್ಬಿದ ನಾಯಿಯ ಯಜಮಾನ ಜಗಳಕ್ಕೇ ನಿಲ್ಲುತ್ತಾನೆ. ಅವನಿಗೆ ಹೇಳಿದ್ದು ರೋಗದ ಮಾತಾಗಿ ಕೇಳಿಸುವುದಿಲ್ಲ, ತನ್ನ ಪ್ರೀತಿಯ ಮೇಲಿನ ಆರೋಪವಾಗಿ ಕೇಳಿಸುತ್ತದೆ. ರಜೆಗೆ ಬಂದ ಮೊಮ್ಮಗನನ್ನು ಹೊಸ್ತಿಲಲ್ಲೇ ನಿಲ್ಲಿಸಿ ‘ಎಷ್ಟು ಸೊರಗಿದ್ದೀಯೋ’ ಎಂದು ಕಣ್ಣೀರು ಹಾಕುವ ನಾಡು ನಮ್ಮದು. ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರೂ ಇನ್ನೊಂದು ಒಬ್ಬಟ್ಟು ಬೀಳುವುದು ತಪ್ಪುವುದಿಲ್ಲ. ದೇವಸ್ಥಾನದ ಆನೆಯ ಬಾಯಿಗೆ ದಿನವಿಡೀ ಬಾಳೆಹಣ್ಣು, ಬೆಲ್ಲ. ಘಾಟಿಯ ಕೋತಿಗೆ ಕಾರಿನ ಕಿಟಕಿಯಿಂದ ಕ್ರೀಮ್ ಬಿಸ್ಕತ್ತು. ಪುಣ್ಯ ಬಂದದ್ದು ಕೊಟ್ಟವನಿಗೆ, ರೋಗ ಬಂದದ್ದು ತಿಂದ ಪ್ರಾಣಿಗೆ.

ಇಷ್ಟೆಲ್ಲ ಉಣಿಸುವ ನಾವು ಕತ್ತೆಯನ್ನು ಉಳಿಸಿಕೊಂಡೆವೇ? 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕಿದ್ದು ಸುಮಾರು 1.2 ಲಕ್ಷ ಕತ್ತೆಗಳು. 2012ರಿಂದ ಶೇ 61ರಷ್ಟು ಇಳಿಕೆ. 2024ರಲ್ಲಿ ಕೇಂದ್ರ ಸರ್ಕಾರ ಕತ್ತೆ ಸಾಕಣೆಗೂ 50 ಲಕ್ಷ ರೂಪಾಯಿವರೆಗೆ ಸಹಾಯಧನ ಘೋಷಿಸಿತು. ಅದೇ ವರ್ಷ ಆಫ್ರಿಕಾ ಒಕ್ಕೂಟ ಚೀನಾದ ಔಷಧಿಗಾಗಿ ನಡೆಯುತ್ತಿದ್ದ ಕತ್ತೆ ಚರ್ಮದ ವ್ಯಾಪಾರವನ್ನೇ ನಿಷೇಧಿಸಲು ತೀರ್ಮಾನಿಸಿತು. ನಮ್ಮಲ್ಲಿ ಮಾತ್ರ ಕತ್ತೆಯ ಹೆಸರೆತ್ತಿದರೆ ಎರಡೇ ಪ್ರಶ್ನೆ: ಮಳೆಗೆ ಮದುವೆ ಮಾಡಿಸುವುದು ಯಾವಾಗ, ಹಾಲು ಒಳಲೆಗೆ ಎಷ್ಟು?

ಕತ್ತೆಯ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಅದರ ಊಟದ ಚಿಂತೆ ಇರುವುದು ನಿಮ್ಮದೊಂದರಲ್ಲೇ, ಮೇಷ್ಟ್ರೇ. ಉಳಿದವರೆಲ್ಲ ಹಾಲಿನ ದರ ಕೇಳಿದ್ದಾರೆ. ಅವರಿಗೆ ಈ ಪುಟದಲ್ಲಿ ಉತ್ತರವಿಲ್ಲ.