ಮೆಲ್ಬರ್ನ್‌ನಿಂದ ಎರಡು ಮೂರು ದಿನಗಳಲ್ಲಿ ನೋಡಿ ಬರಬಹುದಾದ ಹಳೆಯ ಊರುಗಳು ಯಾವುವು?

ಏಪ್ರಿಲ್‌ನಲ್ಲಿ ಮಗನ ಮನೆಗೆ ಒಂದು ತಿಂಗಳ ಮಟ್ಟಿಗೆ ಬರುತ್ತಿದ್ದೀರಿ. ಎಲ್ಲರೂ ಸಮುದ್ರತೀರದ ರಸ್ತೆಯನ್ನೇ ಹೇಳುತ್ತಿದ್ದರೂ ನಿಮಗೆ ಆಸ್ಟ್ರೇಲಿಯಾದ ಹಳೆಯ ಊರುಗಳನ್ನು ನೋಡುವ ಆಸೆಯಿದೆ. ಮಗ ಕೆಲಸಕ್ಕೆ ಹೋಗುವುದರಿಂದ ಕಾರು ಸಿಗುವುದಿಲ್ಲ, ನಿಮ್ಮ ಪತ್ನಿಗೆ ಮಂಡಿನೋವಿದೆ. ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಹನ್ನೊಂದು ವರ್ಷಗಳಿಂದ ಈ ಊರಿನಲ್ಲಿದ್ದು, ಬಿಡುವಾದಾಗಲೆಲ್ಲ ವಿಕ್ಟೋರಿಯಾ ರಾಜ್ಯದ ಒಳನಾಡನ್ನು ಸುತ್ತಿರುವ ನಾನು ಹೇಳುವುದು ಒಂದೇ: ಮಧ್ಯ ವಿಕ್ಟೋರಿಯಾದ ಚಿನ್ನದ ಸೀಮೆಗೆ ಹೋಗಿ, ಅಲ್ಲಿ ಕ್ಯಾಸಲ್‌ಮೇನ್ ಎಂಬ ಒಂದೇ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ. ಬೆಳಿಗ್ಗೆ ಹೊರಟು ನಾಲ್ಕು ಊರು ಸುತ್ತಿಸಿ ರಾತ್ರಿಯೊಳಗೆ ಮನೆಗೆ ತಂದು ಬಿಡುವ ಬಸ್ ಪ್ರವಾಸವನ್ನು ದಯವಿಟ್ಟು ಆರಿಸಿಕೊಳ್ಳಬೇಡಿ. ಅದರಲ್ಲಿ ಊರಿನ ಮುಖ್ಯ ಬೀದಿ ಕಾಣುತ್ತದೆ, ಊರು ಏಕೆ ಹುಟ್ಟಿತೆಂಬುದು ಮಾತ್ರ ಕಾಣುವುದಿಲ್ಲ.

ನಾನು ಬಂಗಾರಪೇಟೆಯವನು. ನನ್ನ ತಂದೆ ಕೆಜಿಎಫ್ ಗಣಿಯಲ್ಲಿ, 2001ರ ಫೆಬ್ರವರಿ ಕೊನೆಯಲ್ಲಿ ಅದು ಮುಚ್ಚುವವರೆಗೂ, ದುಡಿದವರು. ಆದ್ದರಿಂದ ಈ ಊರುಗಳ ಮೇಲೆ ನನಗೆ ಬೇರೆಯವರಿಗಿಂತ ಹೆಚ್ಚು ಮಮಕಾರವಿರಬಹುದು. ನನ್ನ ಸಲಹೆಯನ್ನು ಅದನ್ನು ತಿಳಿದೇ ಓದಿಕೊಳ್ಳಿ. ಕೆಜಿಎಫ್‌ಗೂ ಈ ಸೀಮೆಗೂ ನಂಟಿಲ್ಲದೆ ಇಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹೊರಟ ಗಣಿ ಕೆಲಸಗಾರರು ಮೊದಲು ಇಲ್ಲಿಯ ಬೆಂಡಿಗೊ ಮುಂತಾದ ಕಡೆ ನೆಲೆಸಿದರು, ಅವರದೇ ನಾಡಿನ ಇನ್ನಷ್ಟು ಮಂದಿ ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದರು.

1851ರಲ್ಲಿ ಇಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹರಡಿದಾಗ ಜಗತ್ತಿನ ಮೂಲೆಮೂಲೆಗಳಿಂದ ಜನ ಹಡಗು ಹತ್ತಿದರು. ಮೊದಮೊದಲು ಚಿನ್ನವಿದ್ದದ್ದು ಆಳದಲ್ಲಲ್ಲ, ತೊರೆಗಳ ಮರಳಿನಲ್ಲಿ ಮತ್ತು ಮೇಲ್ಮಣ್ಣಿನಲ್ಲಿ. ಒಂದು ತಟ್ಟೆ, ಒಂದು ಗುದ್ದಲಿ ಇದ್ದರೆ ಯಾರಾದರೂ ಮಣ್ಣನ್ನು ನೀರಿನಲ್ಲಿ ಜಾಲಿಸಿ ಚಿನ್ನ ತೆಗೆಯಬಹುದಿತ್ತು. ಸರ್ಕಾರ ಅದಕ್ಕೆ ತಿಂಗಳಿಗೆ 30 ಶಿಲ್ಲಿಂಗ್ ಪರವಾನಗಿ ಶುಲ್ಕ ವಿಧಿಸಿತು. ಚಿನ್ನ ಸಿಗಲಿ ಬಿಡಲಿ, ಅದನ್ನು ಕಟ್ಟಲೇಬೇಕು. ಆ ಶುಲ್ಕವನ್ನು ಇಮ್ಮಡಿಗೊಳಿಸುವ ಮಾತು ಬಂದಾಗ, 1851ರ ಡಿಸೆಂಬರ್ 15ರಂದು, ಕ್ಯಾಸಲ್‌ಮೇನ್ ಪಕ್ಕದ ಚೂಟನ್‌ನಲ್ಲಿ ಸುಮಾರು ಹದಿನೈದು ಸಾವಿರ ಜನ ಸೇರಿ ಪ್ರತಿಭಟಿಸಿದರು, ಸರ್ಕಾರ ಹಿಂದೆ ಸರಿಯಿತು. ಅದೇ ಅಸಮಾಧಾನ ಮೂರು ವರ್ಷಗಳ ನಂತರ, 1854ರ ಡಿಸೆಂಬರ್ 3ರಂದು, ಇದೇ ಸೀಮೆಯ ಇನ್ನೊಂದು ಚಿನ್ನದ ಊರಾದ ಬ್ಯಾಲರಾಟ್‌ನ ಯುರೇಕಾದಲ್ಲಿ ರಕ್ತಪಾತವಾಗಿ ಸ್ಫೋಟಿಸಿತು. ಸರ್ಕಾರದ ಸೈನಿಕರೆದುರು ನಿಂತ ಚಿನ್ನ ಅಗೆಯುವವರ ನಾಯಕ ಪೀಟರ್ ಲೇಲರ್ ಆ ಕಾಳಗದಲ್ಲಿ ಒಂದು ತೋಳನ್ನು ಕಳೆದುಕೊಂಡ. ಮುಂದೆ ಅವನೇ ವಿಕ್ಟೋರಿಯಾದ ವಿಧಾನಸಭೆಗೆ ಸಭಾಧ್ಯಕ್ಷನಾದ. ಬಂಧಿತರಲ್ಲಿ ರಾಜದ್ರೋಹದ ವಿಚಾರಣೆಗೆ ಒಳಗಾದ ಹದಿಮೂರು ಮಂದಿಯಲ್ಲಿ ಒಬ್ಬನನ್ನೂ ಜ್ಯೂರಿ ಅಪರಾಧಿಯೆಂದು ಹೇಳಲಿಲ್ಲ. ದಂಗೆಯೆದ್ದವರು ಹಾರಿಸಿದ, ನೀಲಿಯ ಮೇಲೆ ಬಿಳಿ ಶಿಲುಬೆಯೂ ನಕ್ಷತ್ರಗಳೂ ಇರುವ ಬಾವುಟವನ್ನು ಬ್ಯಾಲರಾಟ್‌ನಲ್ಲಿ ಇಂದಿಗೂ ನೋಡಬಹುದು.

ಬ್ಯಾಲರಾಟ್‌ಗೆ ಮೆಲ್ಬರ್ನ್‌ನಿಂದ ಒಂದೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ್ದರಿಂದ ಅದನ್ನು ಬೇರೆ ಒಂದು ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿಯ ಸಾವರಿನ್ ಹಿಲ್ ಎಂಬುದು 1970ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ. ಹಳೆಯ ಕಾಲದ ಉಡುಪು ತೊಟ್ಟವರು, ಕುದುರೆಗಾಡಿಗಳು, ಮಕ್ಕಳು ತೊರೆಯಲ್ಲಿ ಚಿನ್ನ ಜಾಲಿಸುವ ಸಡಗರ ಎಲ್ಲವೂ ಅಲ್ಲಿವೆ. ಮೊಮ್ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ನೀವಿಬ್ಬರೇ ಆದರೆ ನಾನು ಒತ್ತಾಯಿಸುವುದಿಲ್ಲ. ಅದು ಹಳೆಯ ಊರನ್ನು ಮತ್ತೆ ಕಟ್ಟಿ ತೋರಿಸುವ ಜಾಗ, ನಿಮಗೆ ಬೇಕಾಗಿರುವುದು ಹಳೆಯ ಊರೇ.

ಕ್ಯಾಸಲ್‌ಮೇನ್‌ಗೆ ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣದಿಂದ ಬೆಂಡಿಗೊ ಕಡೆಗೆ ಹೋಗುವ ರೈಲು ಹತ್ತಬೇಕು. ಪ್ರಯಾಣ ಸುಮಾರು ಒಂದೂವರೆ ಗಂಟೆ. ನಗರದಲ್ಲಿ ಬಳಸುವ ಮೈಕಿ ಕಾರ್ಡ್ ಈ ರೈಲಿಗೂ ಸಾಕು. 2023ರ ಮಾರ್ಚ್‌ನಿಂದ ಒಳನಾಡಿನ ರೈಲಿಗೂ ದಿನದ ಗರಿಷ್ಠ ದರವನ್ನು ನಗರದಷ್ಟಕ್ಕೇ ಇಳಿಸಿದ್ದಾರೆ. ನಿಲ್ದಾಣದಿಂದ ಪೇಟೆಗೆ ನಡೆದೇ ಹೋಗಬಹುದು. 1862ರಲ್ಲಿ ಕಟ್ಟಿದ ಮಾರುಕಟ್ಟೆಯ ಕಟ್ಟಡದ ನೆತ್ತಿಯ ಮೇಲೆ ರೋಮನ್ನರ ಸುಗ್ಗಿಯ ದೇವತೆ ಸೀರಿಸ್ ನಿಂತಿರುವುದನ್ನು ತಲೆಯೆತ್ತಿ ನೋಡಿ. ಚಿನ್ನದ ಊರಿನವರು ಮಾರುಕಟ್ಟೆಯ ಮೇಲೆ ನಿಲ್ಲಿಸಿದ್ದು ಧಾನ್ಯದ ದೇವತೆಯನ್ನು ಎಂಬುದು ನನಗೆ ಇಂದಿಗೂ ಇಷ್ಟವಾಗುವ ಸಂಗತಿ.

ಅಲ್ಲಿ ಬೂಡಾ ಎಂಬ ಮನೆ ಇದೆ, ಅದನ್ನು ತಪ್ಪಿಸಬೇಡಿ. 1861ರಲ್ಲಿ ಅದನ್ನು ಕಟ್ಟಿಸಿದವರು ಭಾರತದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿ ಬಂದಿದ್ದ ಜೇಮ್ಸ್ ಸ್ಮಿತ್ ಎಂಬ ಬ್ಯಾಪ್ಟಿಸ್ಟ್ ಮಿಷನರಿ. ಅವರು ಅದನ್ನು ನಮ್ಮ ಗಿರಿಧಾಮಗಳ ಬಂಗಲೆಯ ಮಾದರಿಯಲ್ಲಿ ಕಟ್ಟಿಸಿ, ಡೆಲ್ಲಿ ವಿಲ್ಲಾ ಎಂದು ಹೆಸರಿಟ್ಟಿದ್ದರು. ಎರಡು ವರ್ಷಗಳ ನಂತರ ಹಂಗೇರಿಯಿಂದ ಬಂದಿದ್ದ ಅರ್ನೆಸ್ಟ್ ಲೆವಿನಿ ಎಂಬ ಬೆಳ್ಳಿ ಕುಶಲಕರ್ಮಿ ಅದನ್ನು ಕೊಂಡ. ಅವನ ಹೆಣ್ಣುಮಕ್ಕಳು ಕಸೂತಿ, ಲೋಹದ ಕೆಲಸ, ಮರದ ಕೆತ್ತನೆಗಳಲ್ಲಿ ನುರಿತವರಾಗಿ ಆ ಮನೆಯಲ್ಲೇ ಬಾಳಿದರು. ಕೊನೆಯ ಮಗಳು ತೀರಿಕೊಂಡದ್ದು 1981ರಲ್ಲಿ. ಅವರ ಕೈಕೆಲಸವೆಲ್ಲ ಮನೆಯೊಳಗೇ ಉಳಿದಿರುವುದರಿಂದ, ಅಲ್ಲಿ ವಸ್ತುಸಂಗ್ರಹಾಲಯಕ್ಕೆ ಹೋದಂತಲ್ಲ, ಯಾರೋ ಈಗಷ್ಟೇ ಎದ್ದುಹೋದ ಪಡಸಾಲೆಗೆ ಕಾಲಿಟ್ಟಂತೆ ಅನಿಸುತ್ತದೆ.

ಊರಿನಿಂದ ಸ್ವಲ್ಪ ಹೊರಗೆ ಪೆನಿವೇಟ್ ಫ್ಲ್ಯಾಟ್ ಎಂಬ ಸಣ್ಣ ಸ್ಮಶಾನವಿದೆ. ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಪೆನಿವೇಟ್ ಎಂದರೆ ಚಿನ್ನ ತೂಗುವ ಒಂದು ಚಿಕ್ಕ ಅಳತೆ. ಅಷ್ಟೇ ಅಷ್ಟು ಚಿನ್ನ ಸಿಗುವ ಬಡ ನೆಲವಾದ್ದರಿಂದ, ಯಾರೂ ಅಗೆಯಲಾರರೆಂದು ಅದನ್ನು ಹೂಳಲು ಬಿಟ್ಟುಕೊಟ್ಟರು. 1852ರಿಂದ 1857ರವರೆಗೆ ಸುಮಾರು ಇನ್ನೂರು ಮಂದಿಯನ್ನು ಅಲ್ಲಿ ಹೂತಿದ್ದಾರೆ, ಬಹುಪಾಲು ಹಸುಗೂಸುಗಳು ಮತ್ತು ಎಳೆಯ ಮಕ್ಕಳು. ಸಾವಿರಾರು ಜನ ಅಗೆದು ಕಲಕಿದ ತೊರೆಯ ನೀರನ್ನೇ ಕುಡಿಯಬೇಕಾಗಿದ್ದ ಗುಡಾರಗಳಲ್ಲಿ ಭೇದಿ, ಜ್ವರಗಳಿಗೆ ಮೊದಲು ಬಲಿಯಾದವರು ಅವರೇ. ನನ್ನ ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ಹಿಂದಿನ ರಾತ್ರಿ ಮಳೆಯಾಗಿತ್ತು. ಮೊಳಕೈ ಉದ್ದದ ಗುಡ್ಡೆಗಳು, ಸುತ್ತ ಜೋಡಿಸಿದ ಒರಟು ಚಪ್ಪಡಿಗಲ್ಲುಗಳು, ಅವುಗಳ ಸಂದಿಯಲ್ಲಿ ತೊಳೆದಂತೆ ಬೆಳ್ಳಗೆ ಕಾಣುತ್ತಿದ್ದ ಬೆಣಚುಕಲ್ಲಿನ ಚೂರುಗಳು. ಅವರು ಬಗ್ಗಿ ಒಂದು ಚೂರನ್ನು ತೆಗೆದು, ಹೆಬ್ಬೆರಳಿನಿಂದ ಮಣ್ಣು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಎತ್ತಿದ ಜಾಗದಲ್ಲೇ ಇಟ್ಟರು. ಅದಿರನ್ನು ಹಾಗೆ ಹಿಡಿದು ನೋಡುವುದು ಅವರಿಗೆ ಮೂವತ್ತು ವರ್ಷಗಳ ಅಭ್ಯಾಸ.

ಎರಡನೆಯ ದಿನ ಮಾಲ್ಡನ್‌ಗೆ ಹೋಗಿ. 1884ರಲ್ಲಿ ಹಾಕಿದ ಹಳಿಯ ಮೇಲೆ, ಸ್ವಯಂಸೇವಕರು ಉಳಿಸಿ ನಡೆಸುತ್ತಿರುವ ಹಬೆಯ ರೈಲು ಕ್ಯಾಸಲ್‌ಮೇನ್ ನಿಲ್ದಾಣದಿಂದಲೇ ಹೊರಡುತ್ತದೆ. ಅದು ವಾರದಲ್ಲಿ ಕೆಲವೇ ದಿನ ಓಡುವುದರಿಂದ, ಮೊದಲು ಅದರ ವೇಳಾಪಟ್ಟಿ ನೋಡಿಕೊಂಡು ಆಮೇಲೆ ನಿಮ್ಮ ಎರಡು ರಾತ್ರಿಗಳನ್ನು ನಿಗದಿ ಮಾಡಿಕೊಳ್ಳಿ. 1966ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಒಂದಿಡೀ ಊರನ್ನೇ ಗಮನಾರ್ಹವೆಂದು ಗುರುತಿಸಲು ಹೊರಟಾಗ ಮೊದಲು ಆರಿಸಿದ್ದು ಮಾಲ್ಡನ್ನನ್ನು. ಚಿನ್ನ ಕಡಿಮೆಯಾದ ಮೇಲೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ದುಡ್ಡು ಆ ಊರಿಗೆ ಮತ್ತೆ ಬರಲಿಲ್ಲ. ಕಾಲುದಾರಿಯ ಮೇಲೆ ಚಾಚಿದ ತಗಡಿನ ಮಾಡುಗಳು ಉಳಿದದ್ದು ಹೀಗೆ.

ಬೆಂಡಿಗೊ ಇದಕ್ಕೆ ತದ್ವಿರುದ್ಧ, ಸಿರಿತನವನ್ನು ಮುಚ್ಚಿಡದ ಊರು. ಈಸ್ಟರ್ ನಿಮ್ಮ ಪ್ರವಾಸದ ದಿನಗಳಲ್ಲೇ ಬಂದರೆ ಅಲ್ಲಿಯ ಮೆರವಣಿಗೆಯನ್ನು ನೋಡಿ. 1871ರಲ್ಲಿ ಶುರುವಾದ ಆ ಉತ್ಸವದಲ್ಲಿ ಚೀನೀ ಸಮುದಾಯದ ಉದ್ದನೆಯ ಡ್ರ್ಯಾಗನ್ ಬೀದಿಯಲ್ಲಿ ಸಾಗುತ್ತದೆ. ಉಳಿದ ದಿನಗಳಲ್ಲಿ ಹಳೆಯ ಡ್ರ್ಯಾಗನ್‌ಗಳನ್ನು ಗೋಲ್ಡನ್ ಡ್ರ್ಯಾಗನ್ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಆ ಸಮುದಾಯ ಪಟ್ಟ ಪಾಡನ್ನೂ ಅಲ್ಲಿ ನೆನೆಯಬೇಕು: 1855ರಲ್ಲಿ ವಿಕ್ಟೋರಿಯಾ ಚೀನೀಯರ ಮೇಲೆ ಮಾತ್ರ ತಲೆಗೆ 10 ಪೌಂಡ್ ತೆರಿಗೆ ಹಾಕಿದಾಗ, ಸಾವಿರಾರು ಜನ ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿಳಿದು ನಾನೂರು ಕಿಲೋಮೀಟರಿನಷ್ಟು ದೂರವನ್ನು ಕಾಲ್ನಡಿಗೆಯಲ್ಲೇ ಬಂದರು. ಚಿನ್ನಕ್ಕೂ ಮೊದಲು ಈ ನೆಲ ಯಾರದಾಗಿತ್ತೋ ಆ ಜಾ ಜಾ ವುರಂಗ್ ಜನ, ಅಗೆದು ಬಗೆದು ಹೋದ ತಮ್ಮ ಸೀಮೆಯನ್ನು ಇಂದು ತಲೆಕೆಳಗಾದ ನಾಡು ಎಂದು ಕರೆಯುತ್ತಾರೆ. ಕ್ಯಾಸಲ್‌ಮೇನ್ ಸುತ್ತಲಿನ ಕಾಡಿನಲ್ಲಿ ಐದು ನಿಮಿಷ ನಡೆದರೂ ಆ ಮಾತಿನ ಅರ್ಥ ಕಣ್ಣಿಗೆ ಬೀಳುತ್ತದೆ: ಎಲ್ಲಿ ನೋಡಿದರೂ ಗುಂಡಿ, ಗುಂಡಿಯ ಪಕ್ಕ ಗುಡ್ಡೆ, ಅದರ ಮೇಲೆ ಮತ್ತೆ ಬೆಳೆದ ತೆಳ್ಳನೆಯ ಮರಗಳು. ಅಲ್ಲಿ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ, ಹಳೆಯ ಶಾಫ್ಟ್‌ಗಳು, ಎಂದರೆ ನೆಟ್ಟಗೆ ಆಳಕ್ಕೆ ತೋಡಿದ ಗಣಿಬಾವಿಗಳು, ಇನ್ನೂ ಬಾಯಿ ತೆರೆದುಕೊಂಡಿವೆ.

ಏಪ್ರಿಲ್‌ನಲ್ಲಿ ಎಲೆಗಳು ಹಳದಿ, ಕೆಂಪಾಗುವ ಶರತ್ಕಾಲ. ಹಗಲು ಹಿತವಾಗಿರುತ್ತದೆ, ಆದರೆ ರಾತ್ರಿಗೆ ಉಣ್ಣೆಯ ಬಟ್ಟೆ ಬೇಕೇಬೇಕು. ಈ ಊರುಗಳಲ್ಲಿ ಅನೇಕ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆಲ್ಲ ಮುಚ್ಚುತ್ತದೆ, ಸೋಮವಾರ ಮಂಗಳವಾರ ಎಷ್ಟೋ ಅಂಗಡಿಗಳು ತೆರೆಯುವುದೇ ಇಲ್ಲ. ಆದ್ದರಿಂದ ಬುಧವಾರದ ನಂತರ ಹೋಗುವುದು ಒಳ್ಳೆಯದು. ಕೈಯಲ್ಲಿ ಒಂದಿಷ್ಟು ಚಪಾತಿಯೋ ಅವಲಕ್ಕಿಯೋ ಇರಲಿ. ಮಗ ವಾರಾಂತ್ಯಕ್ಕೆ ಕಾರಿನಲ್ಲಿ ಬಂದು ಸೇರುವುದಾದರೆ, ಮುಸ್ಸಂಜೆಯ ನಂತರ ಹಳ್ಳಿ ರಸ್ತೆಗಳಲ್ಲಿ ಓಡಿಸದಂತೆ ಹೇಳಿ, ಕಾಂಗರೂಗಳು ರಸ್ತೆಗೆ ಹಾರುವ ಹೊತ್ತು ಅದು.

ಇನ್ನು ನಿಮ್ಮ ಪತ್ನಿಯ ಮಂಡಿಯ ವಿಷಯ. ಗಣಿಯೆಂದರೆ ಮೆಟ್ಟಿಲುಗಳೇ ಎಂದು ಹಿಂಜರಿಯಬೇಕಾಗಿಲ್ಲ. ಬೆಂಡಿಗೊದ ಸೆಂಟ್ರಲ್ ಡೆಬೋರಾ ಗಣಿಗೆ ಲಿಫ್ಟಿನಲ್ಲಿ ಇಳಿಸುತ್ತಾರೆ. ಮಾಲ್ಡನ್‌ನ ಕಾರ್ಮನ್ಸ್ ಸುರಂಗವಂತೂ 1880ರ ದಶಕದಲ್ಲಿ ಗುಡ್ಡದ ಬದಿಯಿಂದ 570 ಮೀಟರ್ ಅಡ್ಡಕ್ಕೆ ಕೊರೆದದ್ದು; ಮೆಟ್ಟಿಲುಗಳಿಲ್ಲದ ಆ ಸಮತಟ್ಟು ದಾರಿಯಲ್ಲಿ ಮೇಣದಬತ್ತಿಯ ಬೆಳಕಿನಲ್ಲೇ ಕರೆದೊಯ್ಯುತ್ತಾರೆ. ನನ್ನ ತಂದೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನನ್ನ ತೋಳು ಹಿಡಿಯದೆ, ಕೊನೆಯವರೆಗೂ ನಡೆದು ಬಂದರು.