ಅರ್ಥ ಸಿಕ್ಕಿದೆ, ಸದ್ದು ಸಿಕ್ಕಿಲ್ಲ

ಪದ ನಾಲಿಗೆಯ ತುದಿಯಲ್ಲೇ ಇರುತ್ತದೆ, ಮೊದಲ ಅಕ್ಷರವೂ ಹೊಳೆಯುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಇದು ಮರೆವಿನ ಕಾಯಿಲೆಯ ಆರಂಭವೇ ಎಂದು ಕೇಳಿದ್ದೀರಿ. ಇಷ್ಟರಿಂದಲೇ ಹೆದರಬೇಡಿ. ನಿಮ್ಮ ವಿವರಣೆಯಲ್ಲೇ ಅರ್ಧ ಉತ್ತರವಿದೆ. ಮೊದಲ ಅಕ್ಷರ ಗೊತ್ತಿದೆ ಎಂದರೆ ಪದ ಅಳಿಸಿಹೋಗಿಲ್ಲ.

ಮಿದುಳು ಪದವನ್ನು ಒಂದೇ ಗಂಟಾಗಿ ಕಟ್ಟಿಡುವುದಿಲ್ಲ. ಅರ್ಥ ಒಂದು ಕಡೆ, ಅದರ ಸದ್ದು ಇನ್ನೊಂದು ಕಡೆ. ಮಾತನಾಡುವಾಗ ಮೊದಲನೆಯದರಿಂದ ಎರಡನೆಯದಕ್ಕೆ ದಾರಿ ತೆರೆಯಬೇಕು. ಆ ದಾರಿ ಅರ್ಧ ಮಾತ್ರ ತೆರೆದಾಗ ಆಗುವುದೇ ಈ ಪೇಚಾಟ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಅಪರೂಪದ ಪದಗಳ ಅರ್ಥವನ್ನಷ್ಟೇ ಓದಿ ಹೇಳಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ‘ಸಂಪಾನ್’ ಎಂಬ ದೋಣಿಯ ಹೆಸರಿಗಾಗಿ ತಡಕಾಡಿದವರ ಬಾಯಲ್ಲಿ ‘ಸೈಪಾನ್’, ‘ಸರಾಂಗ್’ ಬಂದವು! ಒಂದು ದ್ವೀಪ, ಇನ್ನೊಂದು ಉಡುಗೆ; ದೋಣಿಗೂ ಅವಕ್ಕೂ ಏನೂ ಸಂಬಂಧವಿಲ್ಲ, ಸದ್ದು ಮಾತ್ರ ಹತ್ತಿರ.

ವ್ಯಕ್ತಿಗಳ ಹೆಸರು ಹೆಚ್ಚು ಕೈಕೊಡುವುದಕ್ಕೂ ಕಾರಣವಿದೆ. ‘ಬಡಗಿ’ ಎಂದರೆ ಉಳಿ, ಮರ, ಗರಗಸ ಎಲ್ಲವೂ ನೆನಪಿಗೆ ಬರುತ್ತವೆ; ಹೆಸರಿಗೆ ಅಂಥ ಆಸರೆಗಳಿಲ್ಲ. ವಯಸ್ಸಾದಂತೆ ಇದು ಹೆಚ್ಚುವುದೂ ಸಹಜವೇ.

ತಪ್ಪು ಪದವೇ ಮತ್ತೆ ಮತ್ತೆ ಬಂದರೆ ಹುಡುಕಾಟ ಬಿಟ್ಟುಬಿಡಿ. ನನಗಂತೂ ಕೈಕಾಲು ತೊಳೆಯುವಾಗ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಆ ಪದ ತಾನಾಗಿ ಬಂದು ನಿಲ್ಲುತ್ತದೆ. ಆದರೆ ಬೀಗದ ಕೈ ಹಿಡಿದು ಅದರ ಹೆಸರಲ್ಲ, ಅದು ಏಕೆ ಬೇಕು ಎಂಬುದೇ ತಿಳಿಯದಿದ್ದರೆ ವೈದ್ಯರನ್ನು ಕಾಣುವುದು ಒಳ್ಳೆಯದು.